ಓಡುವ ಗಾಡಿಯ ನಿಂತ ಚಿತ್ರ

ತೊರವಿಯಿಂದ ರೈಲು ಕಾಣುವುದಿಲ್ಲ. ವಿಜಯಪುರದ ಪಶ್ಚಿಮಕ್ಕೆ ಕೆಲವೇ ಕಿಲೋಮೀಟರು ದೂರದಲ್ಲಿರುವ ಈ ಊರನ್ನು ಕನ್ನಡಿಗರು ಬಲ್ಲುದು ತೊರವೆ ರಾಮಾಯಣದಿಂದ. ಇತಿಹಾಸವನ್ನು ಓದಿದವರು ಬಲ್ಲುದು ನವರಸಪುರದ ಪಾಳುಗೋಡೆಗಳಿಂದ. ಎರಡನೆಯ ಇಬ್ರಾಹಿಂ ಆದಿಲಶಾಹನು 1599ರಲ್ಲಿ ಕಟ್ಟಿಸತೊಡಗಿದ ಆ ನಗರವು 1624ರಲ್ಲಿ ಮಲಿಕ್ ಅಂಬರನ ದಾಳಿಗೆ ತುತ್ತಾಯಿತು. ರೈಲುದಾರಿ ಹಾದುಹೋಗಿರುವುದು ವಿಜಯಪುರದ ಮತ್ತೊಂದು ಮಗ್ಗುಲಲ್ಲಿ, ಕೋಟೆಯ ಪೂರ್ವಕ್ಕೆ. ಆದಕಾರಣ ಗಾಡಿಯ ಚಿತ್ರ ತೆಗೆಯಬೇಕೆಂಬ ಹವ್ಯಾಸವುಳ್ಳ ತೊರವಿಯವನು ಕತ್ತಲಿರುವಾಗಲೇ ಎದ್ದು, ಊರನ್ನು ಅಡ್ಡಕ್ಕೆ ದಾಟಿ, ಸೂರ್ಯನೊಡನೆ ಪಂದ್ಯ ಹೂಡಿದಂತೆ ಪೂರ್ವಕ್ಕೆ ಓಡಬೇಕಾಗುತ್ತದೆ. ನಾವು ಹೀಗೆ ಓಡಲಾರಂಭಿಸಿ ಕೆಲವು ವರ್ಷಗಳಾದವು. ಸಂಗಡ ನಮ್ಮ ಸೋದರಳಿಯನೊಬ್ಬನುಂಟು. ಅವನ ಬಳಿ ಇರುವುದು ಕೈಫೋನು. ನಮ್ಮ ಬಳಿ ಇರುವುದು ಹಳೆಯ ಮಾದರಿಯ ಕ್ಯಾಮರಾ.

ಈ ಮಾರ್ಗದ ಹುಟ್ಟು ಹಸಿವಿನಲ್ಲಿದೆ. 1876ರಿಂದ 78ರವರೆಗೆ ಈ ಸೀಮೆಯನ್ನು ಹಿಂಡಿದ ಬರಗಾಲದಲ್ಲಿ ಬೇರೆಡೆ ಕಾಳಿದ್ದರೂ ಇಲ್ಲಿಗೆ ತಂದು ಮುಟ್ಟಿಸುವ ದಾರಿ ಇರಲಿಲ್ಲ. ಮುಂದೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಕಂಪನಿಯು ಸ್ಥಾಪಿತವಾಗಿ, ಸೊಲ್ಲಾಪುರದ ಬಳಿಯ ಹೊಟಗಿಯಿಂದ ಗದಗಿನವರೆಗೆ ಹಾಸಿದ ಮೀಟರ್‌ಗೇಜ್ ಹಳಿ 1884ರಲ್ಲಿ ಸಂಚಾರಕ್ಕೆ ತೆರೆಯಿತು. ಆ ಕಾಲದ ಸರಕಾರಿ ಕಾಗದಗಳಲ್ಲಿ ಇಂಥ ದಾರಿಗಳಿಗೆ ಬರಗಾಲದ ದಾರಿಗಳೆಂದೇ ಹೆಸರು. ಮರುವರ್ಷವೇ, ಎಂದರೆ 1885ರಲ್ಲಿ, ಜಿಲ್ಲೆಯ ಕಚೇರಿಗಳು ಕಲಾದಗಿಯಿಂದ ವಿಜಯಪುರಕ್ಕೆ ಬಂದವು. ಒಂದು ಮೀಟರು ಅಂತರದ ಆ ಹಳಿ ಈಗ ಇಲ್ಲ. ಈ ಶತಮಾನದ ಮೊದಲ ದಶಕ ಮುಗಿಯುವಷ್ಟರಲ್ಲಿ ದಾರಿಯುದ್ದಕ್ಕೂ 1676 ಮಿಲಿಮೀಟರಿನ ಬ್ರಾಡ್‌ಗೇಜ್ ಹಳಿ ಬಂದಿತು. ಬಳಿಕ 284 ಕಿಲೋಮೀಟರಿನ ಈ ಮಾರ್ಗವನ್ನು ಜೋಡಿಹಳಿಯಾಗಿಸುವ ಕೆಲಸವೂ, ತಲೆಯ ಮೇಲೆ ವಿದ್ಯುತ್ ತಂತಿಯೂ ಬಂದವು.

ಇಂದು ದಾರಿಯನ್ನು ಹಗಲಿರುಳು ಎಚ್ಚರವಾಗಿರಿಸಿರುವುದು ಕಾಳಲ್ಲ, ಕಲ್ಲಿದ್ದಲು. ಕೂಡಗಿಯ ಉಷ್ಣವಿದ್ಯುತ್ ಸ್ಥಾವರದಲ್ಲಿ 800 ಮೆಗಾವಾಟಿನ ಮೂರು ಘಟಕಗಳಿವೆ. ಒಂದು ಯೂನಿಟ್ಟು ವಿದ್ಯುತ್ತಿಗೆ ಸುಮಾರು 600 ಗ್ರಾಂ ಕಲ್ಲಿದ್ದಲು ಬೇಕೆಂದು ಹಿಡಿದರೆ, ಮೂರೂ ಘಟಕಗಳು ಪೂರ್ಣ ಬಲದಿಂದ ನಡೆಯುವ ದಿನ 34,000 ಟನ್ನಿಗೂ ಮಿಕ್ಕಿ ಕಲ್ಲಿದ್ದಲು ಉರಿಯುವುದೆಂದಾಯಿತು. ಒಂದು ಗಾಡಿ ಸುಮಾರು 3,500 ಟನ್ನು ಹೊತ್ತು ತರುತ್ತದೆ. ಹಾಗಾದರೆ ದಿನಕ್ಕೆ ಹತ್ತು ತುಂಬಿದ ಗಾಡಿಗಳು ಬರಬೇಕು, ಹತ್ತು ಬರಿದಾದ ಗಾಡಿಗಳು ಮರಳಬೇಕು. ಇವಲ್ಲದೆ ಮೈಸೂರಿನ ಗೋಲ್‌ಗುಂಬಜ್ ಎಕ್ಸ್‌ಪ್ರೆಸ್, ಬಸವ ಎಕ್ಸ್‌ಪ್ರೆಸ್ ಮೊದಲಾದ ಪ್ರಯಾಣಿಕರ ಗಾಡಿಗಳು ಬೇರೆ. ಚಿತ್ರ ತೆಗೆಯುವವನಿಗೆ ಗಾಡಿಗಳ ಬರವಿಲ್ಲ.

ಆದರೂ ಮೊದಲ ದಿನ ನಾವು ತಂದ ಚಿತ್ರಗಳಲ್ಲಿ ಮನೆಯವರಿಗೆ ತೋರಿಸಬಹುದಾದದ್ದು ಒಂದೂ ಇರಲಿಲ್ಲ. ನಮ್ಮ ಕ್ಯಾಮರಾದಲ್ಲಿ ಎಂಜಿನಿನ ಮುಖವು ನೀರಿನಲ್ಲಿ ನೆನೆದ ಅಕ್ಷರದಂತೆ ಹರಡಿಕೊಂಡಿತ್ತು. ಅಳಿಯನ ಫೋನಿನಲ್ಲಿ ಎಲ್ಲವೂ ಚೊಕ್ಕಟ, ಆದರೆ ಡಬ್ಬಿಗಳೆಲ್ಲ ಗಾಳಿಗೆ ಬಾಗಿದ ಜೋಳದ ದಂಟಿನಂತೆ ಒಂದು ಕಡೆಗೆ ವಾಲಿದ್ದವು. "ಮಾಮಾ, ಡಬ್ಬಿ ಎಲ್ಲಾ ಯಾಕ ವಾರಿ ಆಗ್ಯಾವ?" ಎಂದು ಅವನು ಕೇಳಿದನು. ಇನ್ನು ಹಿನ್ನೆಲೆಯಲ್ಲಿ ಭವ್ಯವಾಗಿ ನಿಲ್ಲಬೇಕಾಗಿದ್ದ ಗೋಲಗುಂಬಜವು ಡಬ್ಬಿಯ ಮಾಡಿನ ಹಿಂದೆ ಅಡಗಿ, ಕವುಚಿಟ್ಟ ಬಟ್ಟಲಿನಷ್ಟೂ ಕಾಣುತ್ತಿರಲಿಲ್ಲ. ಈ ಮೂರು ಸೋಲುಗಳಿಗೂ ಬೇರೆ ಬೇರೆ ಕಾರಣಗಳುಂಟು.

ಮೊದಲು ಮಸುಕಿನ ವಿಚಾರ. ಗಂಟೆಗೆ 100 ಕಿಲೋಮೀಟರು ವೇಗದ ಗಾಡಿ ಸೆಕೆಂಡಿಗೆ ಸುಮಾರು 28 ಮೀಟರು ಸಾಗುತ್ತದೆ. ಕ್ಯಾಮರಾದ ಷಟರು ಸೆಕೆಂಡಿನ ಸಾವಿರದಲ್ಲೊಂದು ಭಾಗ ಮಾತ್ರ ತೆರೆದಿತ್ತೆನ್ನಿರಿ. ಅಷ್ಟರಲ್ಲಿ ಗಾಡಿ 2.8 ಸೆಂಟಿಮೀಟರು ಮುಂದೆ ಹೋಗಿರುತ್ತದೆ. ನಾವು 20 ಮೀಟರು ದೂರದಲ್ಲಿ ನಿಂತು 50 ಮಿಲಿಮೀಟರು ನಾಭಿದೂರದ ಮಸೂರವನ್ನು ಬಳಸಿದರೆ ಬಿಂಬವು ನಿಜವಸ್ತುವಿನ ನಾನ್ನೂರರಲ್ಲೊಂದು ಪಾಲು. ಹಾಗಾಗಿ ಫಿಲ್ಮಿನ ಮೇಲೆ ಬಿಂಬವು 0.07 ಮಿಲಿಮೀಟರು ಜಾರುತ್ತದೆ. ಇದೇನು ಮಹಾ ಎಂದು ತೋರಬಹುದು. ಆದರೆ ಚಿತ್ರವನ್ನು ದೊಡ್ಡದು ಮಾಡಿ ನೋಡಿದಾಗ ಕಣ್ಣಿಗೆ ಸ್ಪಷ್ಟವೆನಿಸಬೇಕಾದರೆ ಜಾರುವಿಕೆ 0.03 ಮಿಲಿಮೀಟರನ್ನು ಮೀರಬಾರದೆಂಬುದು 35 ಮಿಲಿಮೀಟರು ಫಿಲ್ಮಿನ ಕಾಲದಿಂದ ಬಂದಿರುವ ಅಳತೆ. ಅಂದಮೇಲೆ ಸಾವಿರದಲ್ಲೊಂದು ಸಾಲದು. ಎರಡು ಸಾವಿರದ ಐನೂರರಲ್ಲೊಂದು ಬೇಕು. ಮುಂಜಾವಿನ ಮಂದ ಬೆಳಕಿನಲ್ಲಿ ಇಷ್ಟು ಚುರುಕಾದ ಷಟರಿಗೆ ಸಾಕಾಗುವಷ್ಟು ಬೆಳಕೇ ಇರುವುದಿಲ್ಲ.

ಇದಕ್ಕೆ ಉಪಾಯ ಷಟರಿನಲ್ಲಿಲ್ಲ, ನಿಲ್ಲುವ ಜಾಗದಲ್ಲಿದೆ. ಮೇಲಿನ ಲೆಕ್ಕ ಗಾಡಿಯು ನಮ್ಮೆದುರು ಅಡ್ಡಲಾಗಿ ಹಾಯುವಾಗಿನದು. ಗಾಡಿ ನಮ್ಮತ್ತ ಓರೆಯಾಗಿ ಬರುತ್ತಿದ್ದರೆ ಅದರ ವೇಗದಲ್ಲಿ ಒಂದು ಪಾಲು ಮಾತ್ರ ಅಡ್ಡಚಲನೆಯಾಗಿ ಕಾಣುತ್ತದೆ. ನೋಟದ ರೇಖೆಗೂ ಹಳಿಗೂ ನಡುವೆ 30 ಅಂಶದ ಕೋನವಿದ್ದರೆ ಜಾರುವಿಕೆ ಅರ್ಧಕ್ಕಿಳಿಯುತ್ತದೆ. 10 ಅಂಶವಾದರೆ ಆರರಲ್ಲೊಂದು ಪಾಲಿಗೆ ಹತ್ತಿರ ಬರುತ್ತದೆ. ಲೋಕದ ರೈಲುಚಿತ್ರಗಳಲ್ಲಿ ಬಹುಪಾಲು ಎಂಜಿನಿನ ಮುಖವೂ ಒಂದು ಮಗ್ಗುಲೂ ಕಾಣುವ ಮುಕ್ಕಾಲು ನೋಟಗಳೇ ಆಗಿರುವುದಕ್ಕೆ ಅಂದವೊಂದೇ ಕಾರಣವಲ್ಲ. ಹಿಂದಿನವರ ಮಂದ ಫಿಲ್ಮೂ ನಿಧಾನ ಷಟರೂ ಅವರನ್ನು ಆ ಮೂಲೆಗೆ ತಳ್ಳಿದವು. ಅನಿವಾರ್ಯವಾಗಿ ಹುಟ್ಟಿದ ರೂಢಿ ಆಮೇಲೆ ಸೌಂದರ್ಯವೆನಿಸಿಕೊಂಡಿತು.

ಇನ್ನೊಂದು ಉಪಾಯವೆಂದರೆ ಗಾಡಿಯೊಡನೆ ಕ್ಯಾಮರಾವನ್ನೂ ತಿರುಗಿಸುವುದು. ಆಗ ಷಟರು ಮೂವತ್ತರಲ್ಲೊಂದು ಸೆಕೆಂಡು ತೆರೆದಿದ್ದರೂ ಎಂಜಿನು ಸ್ಪಷ್ಟವಾಗಿ ನಿಂತು, ಹಿಂದಿನ ಜಾಲಿಮರಗಳೂ ಹೊಲಗಳೂ ಗೆರೆಗೆರೆಯಾಗಿ ಹರಿದುಹೋಗುತ್ತವೆ. ವೇಗವೇ ಚಿತ್ರದಲ್ಲಿ ಮೂಡುತ್ತದೆ. ಆದರೆ ಇಲ್ಲಿ ಒಂದು ತೊಡಕಿದೆ. 20 ಮೀಟರು ದೂರದಲ್ಲಿ ನೇರ ಎದುರಿಗೆ ಹಾಯುವ ಎಂಜಿನನ್ನು ಹಿಂಬಾಲಿಸಲು ಕ್ಯಾಮರಾ ಸೆಕೆಂಡಿಗೆ ಸುಮಾರು 80 ಅಂಶದಂತೆ ತಿರುಗಬೇಕು. ಅದೇ ಕ್ಷಣದಲ್ಲಿ 45 ಅಂಶ ಹಿಂದಿರುವ ಡಬ್ಬಿಯು ನಮ್ಮ ಕಣ್ಣಿಗೆ ತಿರುಗುತ್ತಿರುವುದು ಸೆಕೆಂಡಿಗೆ 40 ಅಂಶದಂತೆ ಮಾತ್ರ. ಎರಡೂ ಒಂದೇ ಗಾಡಿಯವು, ಒಂದೇ ವೇಗದವು. ಆದರೂ ಕ್ಯಾಮರಾ ಒಂದನ್ನು ಹಿಡಿದರೆ ಮತ್ತೊಂದು ಕೈತಪ್ಪುತ್ತದೆ. ಎಂಜಿನು ಚೊಕ್ಕಟವಾಗಿ ಬಂದು ಹಿಂದಿನ ಡಬ್ಬಿಗಳು ಮಸುಕಾದಾಗ ಛಾಯಾಗ್ರಾಹಕನು ತನ್ನ ಕೈನಡುಕವನ್ನು ಶಪಿಸಿಕೊಳ್ಳುವುದುಂಟು. ದೋಷ ಕೈಯದಲ್ಲ, ರೇಖಾಗಣಿತದ್ದು. 60 ಮೀಟರು ಹಿಂದೆ ಸರಿದು ಉದ್ದ ಮಸೂರ ಹಾಕಿದರೆ ತೊಡಕು ಬಹಳಷ್ಟು ಸಡಿಲಾಗುತ್ತದೆ.

ಗಾಲಿಯನ್ನು ಕುರಿತು ಒಂದು ಮಾತು. ಕಡ್ಡಿಗಾಲಿಗಳಿದ್ದ ಹಳೆಯ ಉಗಿ ಎಂಜಿನುಗಳ ಅಡ್ಡಚಿತ್ರಗಳಲ್ಲಿ ಗಾಲಿಯ ಕೆಳಭಾಗದ ಕಡ್ಡಿಗಳು ಎಣಿಸುವಷ್ಟು ಸ್ಪಷ್ಟವಾಗಿಯೂ ಮೇಲ್ಭಾಗದವು ಬಾಚಿದ ಕೂದಲಿನಂತೆ ಕಲೆಸಿಯೂ ಇರುತ್ತವೆ. ಉರುಳುವ ಗಾಲಿಯಲ್ಲಿ ಹಳಿಗೆ ತಾಗಿದ ಬಿಂದುವು ಆ ಕ್ಷಣಕ್ಕೆ ನಿಶ್ಚಲ. ನೆತ್ತಿಯ ಬಿಂದುವಾದರೋ ಗಾಡಿಯ ಇಮ್ಮಡಿ ವೇಗದಿಂದ ಧಾವಿಸುತ್ತಿರುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಓಡುವ ಗಾಡಿಯಲ್ಲಿ 200 ಕಿಲೋಮೀಟರು ವೇಗದ ಭಾಗವೂ, ನಿಂತೇ ಇರುವ ಭಾಗವೂ ಒಂದೇ ಗಾಲಿಯಲ್ಲಿವೆ. ಇಂದಿನ ಗಾಲಿಗಳು ಇಡಿಯ ತಟ್ಟೆಗಳಾದ್ದರಿಂದ ಇದು ಕಾಣದು. ನಂಬಿಕೆ ಸಾಲದವರು ಅಂಗಳದಲ್ಲಿ ಸೈಕಲ್ ಓಡಿಸಿ ಚಿತ್ರ ತೆಗೆದು ನೋಡಬಹುದು. ಆದರೆ ಕ್ಯಾಮರಾವನ್ನು ತಿರುಗಿಸದೆ ಸ್ಥಿರವಾಗಿ ಹಿಡಿಯಬೇಕು. ತಿರುಗಿಸಿದರೆ ಮೇಲೂ ಕೆಳಗೂ ಒಂದೇ ಸಮನೆ ಕಲೆಸಿಹೋಗುತ್ತದೆ. ಏಕೆಂಬುದನ್ನು ವಾಚಕರೇ ಯೋಚಿಸಿ ಕಂಡುಕೊಳ್ಳಲಿ.

ಓಡುವುದನ್ನು ನಿಲ್ಲಿಸಿ ತೋರಿಸುವ ವಿದ್ಯೆಗೆ ಮೊದಲು ಹಣ ಸುರಿದವನು ರೈಲ್ವೆಯ ಒಡೆಯನೇ ಎಂಬುದು ಸ್ವಾರಸ್ಯಕರ. ಅಮೆರಿಕದ ಸೆಂಟ್ರಲ್ ಪೆಸಿಫಿಕ್ ರೈಲ್ವೆಯ ಅಧ್ಯಕ್ಷ ಲೀಲೆಂಡ್ ಸ್ಟ್ಯಾನ್‌ಫರ್ಡನ ನೆರವಿನಿಂದ ಎಡ್ವರ್ಡ್ ಮೈಬ್ರಿಜ್ಜನು 1878ರ ಜೂನಿನಲ್ಲಿ ಸಾಲು ಕ್ಯಾಮರಾಗಳನ್ನು ಹೂಡಿ ಓಡುವ ಕುದುರೆಯನ್ನು ಹಿಡಿದನು. ರೈಲಲ್ಲ, ಕುದುರೆ! 1896ರ ಜುಲೈ 7ರಂದು ಮುಂಬಯಿಯ ವಾಟ್ಸನ್ ಹೋಟೆಲಿನಲ್ಲಿ ಲೂಮಿಯೇರ್ ಸೋದರರ ಚಲಚ್ಚಿತ್ರಗಳನ್ನು ತೋರಿಸಿದಾಗ, ನಿಲ್ದಾಣಕ್ಕೆ ಬರುವ ಗಾಡಿಯೂ ಅವುಗಳಲ್ಲೊಂದಾಗಿತ್ತು.

ಈಗ ಅಳಿಯನ ವಾಲಿದ ಡಬ್ಬಿಗಳಿಗೆ ಬರೋಣ. ಕೈಫೋನಿನಲ್ಲಿ ತೆರೆದು ಮುಚ್ಚುವ ಷಟರಿಲ್ಲ. ಬೆಳಕನ್ನು ಗ್ರಹಿಸುವ ಸಣ್ಣ ಬಿಲ್ಲೆಯು ಚಿತ್ರವನ್ನು ಸಾಲು ಸಾಲಾಗಿ, ಮೇಲಿನಿಂದ ಕೆಳಕ್ಕೆ, ನಾವು ಪುಸ್ತಕವನ್ನು ಓದುವಂತೆ ಓದಿಕೊಳ್ಳುತ್ತದೆ. ಈ ಓದು ಮುಗಿಯಲು ಐವತ್ತರಲ್ಲೊಂದು ಸೆಕೆಂಡು ಹಿಡಿಯುತ್ತದೆಂದುಕೊಳ್ಳಿ. ಆ ಹೊತ್ತಿಗೆ ನಮ್ಮ ಗಾಡಿ ಅರ್ಧ ಮೀಟರಿಗಿಂತ ಹೆಚ್ಚು ಮುಂದೆ ಹೋಗಿರುತ್ತದೆ. ಡಬ್ಬಿಯು ಚಿತ್ರದ ಎತ್ತರವನ್ನೆಲ್ಲ ತುಂಬಿದ್ದರೆ, ಮಾಡನ್ನು ಓದಿದ ವೇಳೆಯಲ್ಲಿ ಡಬ್ಬಿ ಇದ್ದ ಸ್ಥಳವೇ ಬೇರೆ, ಗಾಲಿಯನ್ನು ಓದಿದಾಗ ಇದ್ದ ಸ್ಥಳವೇ ಬೇರೆ. ಕೆಳಭಾಗ ಮುಂದಕ್ಕೆ ಸರಿದು, ಮೇಲ್ಭಾಗ ಹಿಂದೆ ಉಳಿದು, ಡಬ್ಬಿ ಹಿಂದಕ್ಕೆ ವಾಲಿದಂತೆ ಕಾಣುತ್ತದೆ. ಇದನ್ನು ಕೇಳಿದ ಹುಡುಗನು ಫೋನನ್ನು ಅಡ್ಡಕ್ಕೆ ಹಿಡಿಯುವ ಬದಲು ನೆಟ್ಟಗೆ ಹಿಡಿದು ಪರೀಕ್ಷೆಗೆ ತೊಡಗಿದನು. ಆಗ ಓದು ಎಡಬಲಗಳ ದಿಕ್ಕಿನಲ್ಲಿ ನಡೆಯುವುದರಿಂದ ವಾಲುವಿಕೆ ಮಾಯವಾಯಿತು. ಬದಲಿಗೆ ಒಂದು ದಿಕ್ಕಿಗೆ ಹೋಗುವ ಗಾಡಿಯ ಡಬ್ಬಿಗಳು ಉದ್ದವಾದವು, ಎದುರು ದಿಕ್ಕಿನವು ಗಿಡ್ಡವಾದವು! ಓದಿನ ದಿಕ್ಕಿಗೇ ಓಡುವ ಡಬ್ಬಿ ಓದಿಗೆ ಹೆಚ್ಚು ಹೊತ್ತು ಸಿಕ್ಕುತ್ತದೆ, ಎದುರಾಗಿ ಬರುವುದು ಬೇಗ ಮುಗಿಯುತ್ತದೆ. ನಮ್ಮ ವಿವರಣೆಗಿಂತ ಅವನ ಪರೀಕ್ಷೆಯೇ ಹೆಚ್ಚು ಮನವರಿಕೆ ಮಾಡುವಂತಿತ್ತೆಂದು ಒಪ್ಪಿಕೊಳ್ಳಬೇಕು.

ಮೂರನೆಯದು ಗುಂಬಜದ ಪ್ರಶ್ನೆ. ಹೊರಗಿನ ಅಳತೆಯಲ್ಲಿ 44 ಮೀಟರು ವ್ಯಾಸದ ಗುಮ್ಮಟವುಳ್ಳ ಈ ಕಟ್ಟಡ ಒಂದು ರೈಲುಡಬ್ಬಿಯ ಮುಂದೆ ಕುಬ್ಜವಾಗುವುದೆಂತು? ಲೆಕ್ಕದ ಅನುಕೂಲಕ್ಕಾಗಿ ಕಟ್ಟಡದ ಎತ್ತರ 50 ಮೀಟರೆಂದೂ, ಹಳಿಯಿಂದ ಅದರ ದೂರ ಒಂದು ಕಿಲೋಮೀಟರೆಂದೂ, ಡಬ್ಬಿಯ ಎತ್ತರ 4 ಮೀಟರೆಂದೂ ಇಟ್ಟುಕೊಳ್ಳೋಣ. ಹಳಿಯಿಂದ 50 ಮೀಟರು ಪೂರ್ವಕ್ಕೆ ನಿಂತವನಿಗೆ ಗುಂಬಜವು ಡಬ್ಬಿಯ ಎತ್ತರದ ಐದರಲ್ಲಿ ಮೂರು ಪಾಲಿನಷ್ಟೇ ಕಾಣುತ್ತದೆ. ಅವನು 300 ಮೀಟರು ದೂರ ಸರಿದರೆ ಡಬ್ಬಿ ಆರು ಪಟ್ಟು ಚಿಕ್ಕದಾಗುತ್ತದೆ. ಗುಂಬಜವು ಮೊದಲೇ ದೂರವಿದ್ದುದರಿಂದ ಹೆಚ್ಚೇನೂ ಕುಗ್ಗುವುದಿಲ್ಲ. ಆಗ ಅದು ಡಬ್ಬಿಯ ಸುಮಾರು ಮೂರು ಪಟ್ಟು ಎತ್ತರವಾಗಿ ಗಾಡಿಯ ಹಿಂದೆ ಎದ್ದು ನಿಲ್ಲುತ್ತದೆ. ಉದ್ದ ಮಸೂರವು ಹಿನ್ನೆಲೆಯನ್ನು ಹತ್ತಿರಕ್ಕೆ ಎಳೆಯುತ್ತದೆಂದು ಹಲವರು ಹೇಳುವುದುಂಟು. ಅದು ಸರಿಯಲ್ಲ. ಎರಡು ವಸ್ತುಗಳ ಗಾತ್ರದ ಹೋಲಿಕೆಯನ್ನು ನಿರ್ಣಯಿಸುವುದು ನಾವು ನಿಂತ ಜಾಗ. ಮಸೂರವು ಆ ನೋಟದಿಂದ ಬೇಕಾದಷ್ಟನ್ನು ಕತ್ತರಿಸಿ ಹಿಗ್ಗಿಸಿ ಕೊಡುತ್ತದೆ, ಅಷ್ಟೆ. 300 ಮೀಟರಿನಿಂದ 300 ಮಿಲಿಮೀಟರಿನ ಮಸೂರ ಹಾಕಿದಾಗ ಇನ್ನೊಂದು ಲಾಭವೂ ಕೈಗೂಡಿತು. ಅಡ್ಡಲಾಗಿ ಓಡುವ ಗಾಡಿಗೂ ಸಾವಿರದಲ್ಲೊಂದು ಸೆಕೆಂಡು ಸಾಕಾಯಿತು. ಮೇಲಿನ ಸೂತ್ರದಂತೆ ಲೆಕ್ಕ ಹಾಕಿ ನೋಡಿದರೆ ಜಾರುವಿಕೆ 0.03 ಮಿಲಿಮೀಟರಿನೊಳಗೇ ಬರುತ್ತದೆ.

ಬೆಳಕು ಮಾತ್ರ ಲೆಕ್ಕಕ್ಕೆ ಅಷ್ಟು ಸುಲಭವಾಗಿ ಬಗ್ಗುವುದಿಲ್ಲ. ನಮ್ಮ ದಾರಿ ಸ್ಥೂಲವಾಗಿ ಉತ್ತರ-ದಕ್ಷಿಣವಾಗಿದೆ. ಬೆಳಿಗ್ಗೆ ಡಬ್ಬಿಗಳ ಪೂರ್ವದ ಮಗ್ಗುಲಿಗೂ ಗುಂಬಜದ ಪೂರ್ವದ ಗೋಡೆಗೂ ಒಂದೇ ಬಿಸಿಲು ಬೀಳುವುದರಿಂದ ಪೂರ್ವಕ್ಕೆ ನಿಂತವನಿಗೆ ಎರಡೂ ದಕ್ಕುತ್ತವೆ. ಸಂಜೆ ಅದೇ ಜಾಗದಿಂದ ಎರಡೂ ಕಪ್ಪು ಆಕೃತಿಗಳು. ವಿಜಯಪುರದ ಅಕ್ಷಾಂಶ ಸುಮಾರು 16.8 ಅಂಶವಾದ್ದರಿಂದ ಮೇ ತಿಂಗಳ ಮೊದಲ ವಾರ ಕಳೆಯುವ ಹೊತ್ತಿಗೂ, ಆಗಸ್ಟಿನ ಮೊದಲ ವಾರದಲ್ಲಿಯೂ ಮಧ್ಯಾಹ್ನದ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ಆಗ ಡಬ್ಬಿಯ ಮಾಡು ಬೆಂಕಿಯಂತೆ ಹೊಳೆದು, ಗಾಲಿಗಳೂ ಅಡಿಯ ಭಾಗಗಳೂ ಕತ್ತಲೆಯಲ್ಲಿ ಮುಳುಗುತ್ತವೆ. ಮನೆಗೆ ಹೋಗಿ ಮಜ್ಜಿಗೆ ಕುಡಿಯುವುದು ಮೇಲು. ಡಿಸೆಂಬರಿನಲ್ಲಿ ಮಧ್ಯಾಹ್ನವೂ ಸೂರ್ಯ ದಕ್ಷಿಣದಲ್ಲಿ 50 ಅಂಶದಷ್ಟೇ ಎತ್ತರದಲ್ಲಿರುತ್ತಾನೆ. ಆದಕಾರಣ ಹೊಟಗಿಯಿಂದ ಗದಗಿನ ಕಡೆಗೆ ಹೋಗುವ ಗಾಡಿಯ ಮುಖ ಬೆಳಗುತ್ತದೆ, ಎದುರಿನಿಂದ ಬರುವ ಗಾಡಿಯ ಮುಖ ನೆರಳಿನಲ್ಲಿರುತ್ತದೆ.

ಕಲ್ಲಿದ್ದಲಿನ ಗಾಡಿಯೂ ಒಂದು ಬಲೆಯೇ. ಐವತ್ತೆಂಟು ವ್ಯಾಗನುಗಳು, ಪ್ರತಿಯೊಂದೂ 10.7 ಮೀಟರು, ಎಂಜಿನು ಸೇರಿ 640 ಮೀಟರಿನಷ್ಟು ಕಪ್ಪು, ಅದರ ಅಡಿಯಲ್ಲಿ ಎರೆಭೂಮಿಯ ಕಪ್ಪು. ಕ್ಯಾಮರಾ ತನ್ನಷ್ಟಕ್ಕೆ ಬೆಳಕನ್ನು ಅಳೆದುಕೊಂಡಾಗ, ಜಗತ್ತೆಲ್ಲವೂ ಸರಾಸರಿಯಲ್ಲಿ ಬೂದುಬಣ್ಣದ್ದೆಂಬ ನಂಬಿಕೆಯಿಂದ ಈ ಕಪ್ಪನ್ನೂ ಬೂದಾಗಿಸಲು ಹೆಚ್ಚು ಬೆಳಕನ್ನು ಬಿಟ್ಟುಕೊಳ್ಳುತ್ತದೆ, ಆಕಾಶ ಸುಟ್ಟುಹೋಗುತ್ತದೆ. ಆಗ ಅಳತೆಗಿಂತ ಒಂದು ಮೆಟ್ಟಿಲು ಕಡಿಮೆ ಬೆಳಕನ್ನು ಕೊಡಬೇಕು.

ದೂರ ನಿಂತು ಉದ್ದ ಮಸೂರ ಬಳಸಿರೆಂದು ಮೇಲೆ ಹೇಳಿದೆವು. ಈ ಸಲಹೆಗೆ ಬೇಸಿಗೆಯ ಬಿಸಿಲು ಅಡ್ಡ ಬರುತ್ತದೆ. ಹಳಿಯ ಕೆಳಗಿನ ಜಲ್ಲಿಕಲ್ಲು ಕಾದಾಗ ಅದಕ್ಕೆ ತಾಗಿದ ಗಾಳಿಯೂ ಕಾದು ಹಗುರವಾಗಿ ಮೇಲೇಳುತ್ತದೆ. ಬಿಸಿಗಾಳಿಯ ಮತ್ತು ತಂಪುಗಾಳಿಯ ಎಳೆಗಳು ಒಂದರೊಳಗೊಂದು ಹೆಣೆದುಕೊಳ್ಳುತ್ತವೆ. ಅವುಗಳ ಮೂಲಕ ಹಾಯುವ ಬೆಳಕು ಕ್ಷಣಕ್ಕೊಂದು ಕಡೆ ಬಾಗುವುದರಿಂದ ದೂರದ ಎಂಜಿನು ಕುದಿಯುವ ನೀರಿನ ತಳದಲ್ಲಿರುವಂತೆ ನಡುಗುತ್ತದೆ. ಎಷ್ಟು ಬೆಲೆಯ ಮಸೂರವೂ ಇದನ್ನು ತಿದ್ದಲಾರದು. ಹತ್ತಿರ ಹೋಗಬೇಕು, ಇಲ್ಲವೆ ನೆಲ ಕಾಯುವ ಮುನ್ನ ಬರಬೇಕು. ಹೀಗೆ ಎಲ್ಲ ವಾದಗಳೂ ಚಳಿಗಾಲದ ಮುಂಜಾವಿನತ್ತಲೇ ಬೆರಳು ತೋರಿಸುತ್ತವೆ. ಗೂಡ್ಸ್ ಗಾಡಿಗಳಿಗೆ ಮಾತ್ರ ಈ ವಾದಗಳು ತಿಳಿಯವು. ಅವಕ್ಕೆ ನಾವು ಓದಬಹುದಾದ ವೇಳಾಪಟ್ಟಿಯೇ ಇಲ್ಲ. ಎರಡು ತಾಸು ಕಾದು, ಬುತ್ತಿ ಬಿಚ್ಚಿ ಕೈಗೆ ರೊಟ್ಟಿ ತೆಗೆದುಕೊಂಡ ಗಳಿಗೆಯಲ್ಲೇ ಗಾಡಿ ಬರುವುದು ನಮಗೆ ನಿಯಮವಾಗಿಬಿಟ್ಟಿದೆ.

ಇನ್ನು ಹೇಳಬೇಕಾದುದು ಲಘುವಾದ ಮಾತಲ್ಲ. ಕಳೆದ ವರ್ಷ ಜೋಡಿಹಳಿಯ ಒಂದು ಕಡೆ ನಾವು ಬರಿದಾದ ಕಲ್ಲಿದ್ದಲು ಗಾಡಿಯ ಚಿತ್ರ ತೆಗೆಯುತ್ತಿದ್ದೆವು. ಖಾಲಿ ವ್ಯಾಗನುಗಳ ಸದ್ದು ಕಿವಿಯನ್ನು ತುಂಬಿತ್ತು. ಇನ್ನೂ ಒಳ್ಳೆಯ ಕೋನ ಬೇಕೆಂದು ಅಳಿಯನು ಫೋನಿನ ಮೇಲೆ ಕಣ್ಣಿಟ್ಟು ಹಿಂದೆ ಹಿಂದೆ ಸರಿಯುತ್ತ ಮತ್ತೊಂದು ಹಳಿಯ ಅಂಚಿಗೆ ಹೋಗಿದ್ದನ್ನು ನಾವೂ ಗಮನಿಸಲಿಲ್ಲ. ಹಳಿಯ ಮೇಲೆ ಕೆಲಸಕ್ಕಿದ್ದ ಗ್ಯಾಂಗ್‌ಮನ್ನನೊಬ್ಬನು ಕೂಗುತ್ತ ಓಡಿಬಂದು ಅವನ ತೋಳು ಹಿಡಿದು ಎಳೆದನು. ಪ್ರಯಾಣಿಕರ ಗಾಡಿ ನಮ್ಮ ಬೆನ್ನ ಹಿಂದಿನಿಂದ ಬಂದು ಹಾಯ್ದುಹೋಯಿತು. ಅದರ ಸದ್ದು ನಮಗೆ ಕೇಳಿರಲೇ ಇಲ್ಲ. ದೊಡ್ಡ ಸದ್ದು ಸಣ್ಣ ಸದ್ದನ್ನು ಮುಚ್ಚಿಬಿಡುತ್ತದೆ. ವಿದ್ಯುತ್ ಎಂಜಿನು ಡೀಸೆಲಿನಂತೆ ದೂರದಿಂದಲೇ ಗುಡುಗುವುದೂ ಇಲ್ಲ. ಆ ದಿನದ ಚಿತ್ರಗಳನ್ನು ನಾವು ಉಳಿಸಿಕೊಳ್ಳಲಿಲ್ಲ.

ಕಣ್ಣನ್ನೂ ನಂಬುವಂತಿಲ್ಲ. ನಮ್ಮೆಡೆಗೆ ನೇರವಾಗಿ ಬರುವ ಗಾಡಿಯ ತೋರ್ಕೆಯ ಗಾತ್ರವು ದೂರ ಅರ್ಧವಾದಾಗ ಇಮ್ಮಡಿಯಾಗುತ್ತದೆ. ಗಂಟೆಗೆ 100 ಕಿಲೋಮೀಟರು ವೇಗದಲ್ಲಿ ಒಂದು ಕಿಲೋಮೀಟರಿನಿಂದ 500 ಮೀಟರಿಗೆ ಬರಲು ಅದಕ್ಕೆ 18 ಸೆಕೆಂಡು ಬೇಕು. ಅಷ್ಟು ಹೊತ್ತಿನಲ್ಲಿ ಅದು ಬೆಳೆಯುವುದು ಎರಡೇ ಪಟ್ಟು. ಗಾಡಿ ನಿಂತಿದೆಯೋ ಏನೋ ಎನಿಸುತ್ತದೆ. 100 ಮೀಟರಿನಿಂದ 50ಕ್ಕೆ ಬರಲು 1.8 ಸೆಕೆಂಡು ಸಾಕು. ಗಾಡಿ ಬೇಗ ಬರುತ್ತಿದೆಯೆಂದು ಕಣ್ಣು ನಂಬುವ ಹೊತ್ತಿಗೆ ಕಾಲಿಗೆ ವೇಳೆ ಉಳಿದಿರುವುದಿಲ್ಲ. ಉದ್ದ ಮಸೂರದೊಳಗಿಂದ ನೋಡುವವನಿಗೆ ಸುತ್ತಲಿನ ನೆಲವೇ ಕಾಣದ್ದರಿಂದ ಮೋಸ ಇನ್ನೂ ಹೆಚ್ಚು. ಮೇಲಿನ ತಂತಿಯಲ್ಲಿ 25,000 ವೋಲ್ಟು ಹರಿಯುತ್ತಿರುತ್ತದೆ. ಅದನ್ನು ಮುಟ್ಟಬೇಕಾಗಿಯೇ ಇಲ್ಲ, ಸಮೀಪಕ್ಕೆ ಹೋದರೆ ಸಾಕು, ಗಾಳಿಯ ಸಂದಿಯನ್ನು ಹಾರಿ ಬರುತ್ತದೆ. ಕೋಲಿಗೆ ಫೋನು ಕಟ್ಟಿ ಮೇಲೆತ್ತುವವರೂ, ನಿಂತ ವ್ಯಾಗನಿನ ಮೇಲೆ ಹತ್ತುವವರೂ ಇದನ್ನು ಮರೆಯುತ್ತಾರೆ. ಹಳಿಯ ಮೇಲೆ ಅಕ್ರಮವಾಗಿ ನಡೆದಾಡುವುದು 1989ರ ರೈಲ್ವೆ ಕಾಯಿದೆಯ 147ನೆಯ ಕಲಮಿನಂತೆ ಅಪರಾಧವೂ ಹೌದು; ಆರು ತಿಂಗಳವರೆಗೆ ಸೆರೆ, ಇಲ್ಲವೆ ಸಾವಿರ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಗೇಟಿನ ಹೊರಗಿನ ಸಾರ್ವಜನಿಕ ರಸ್ತೆ, ಮೇಲುಸೇತುವೆ, ಒಡೆಯನ ಅನುಮತಿ ಪಡೆದ ಹೊಲದ ಬದು, ಇವುಗಳಿಂದ ತೆಗೆಯಲಾಗದ ಒಳ್ಳೆಯ ಚಿತ್ರವನ್ನು ನಾವು ಈವರೆಗೆ ಕಂಡಿಲ್ಲ. ರಾತ್ರಿಯಲ್ಲಿ ಎಂಜಿನಿನ ಮುಖಕ್ಕೆ ಮಿಂಚುದೀಪ ಹೊಡೆಯುವುದೂ ಕೂಡದು. ಚಾಲಕನ ಕಣ್ಣು ಕತ್ತಲೆಗೆ ಮತ್ತೆ ಹೊಂದಿಕೊಳ್ಳಲು ಹೊತ್ತು ಹಿಡಿಯುತ್ತದೆ.

ಇಷ್ಟೆಲ್ಲ ತಾಪತ್ರಯ ಏಕೆಂದು ನಮ್ಮನ್ನು ಕೇಳಿದವರುಂಟು. ಬಾಲ್ಯದಲ್ಲಿ ನಾವು ಇದೇ ದಾರಿಯ ಮೀಟರ್‌ಗೇಜ್ ಗಾಡಿಯಲ್ಲಿ ಬಾಗಲಕೋಟೆಗೆ ಹೋಗಿಬರುತ್ತಿದ್ದೆವು. ಆಲಮಟ್ಟಿ ದಾಟಿ ಕೃಷ್ಣೆಯ ಸೇತುವೆ ಬಂದಾಗ ಹೆಂಗಸರು ಕಿಟಕಿಯಿಂದ ನದಿಗೆ ಕಾಸು ಎಸೆಯುತ್ತಿದ್ದರು. ಆ ಗಾಡಿಯದಾಗಲಿ, ಆ ಕಿಟಕಿಯದಾಗಲಿ, ನಮ್ಮ ಮನೆಯಲ್ಲಿ ಒಂದು ಚಿತ್ರವೂ ಇಲ್ಲ. ಮದುವೆಗೆ ಕರೆಸಿದ ಛಾಯಾಗ್ರಾಹಕನಿಗೆ ರೈಲು ತೋರಿಸಬೇಕೆಂದು ಯಾರಿಗೂ ಹೊಳೆಯಲಿಲ್ಲ. ಒಂಟಿ ಹಳಿ ಜೋಡಿಯಾಗುವುದನ್ನೂ, ಡೀಸೆಲು ಹೋಗಿ ತಂತಿ ಬರುವುದನ್ನೂ ಕಂಡ ತಲೆಮಾರು ಈಗಿನದು. ಇವೂ ಹಾಗೆಯೇ ಹೋಗಿಬಿಡಬಾರದು.

ಆದಕಾರಣ ನಾವೀಗ ಪ್ರತಿ ಚಿತ್ರದ ಜೊತೆಗೆ ತಾರೀಖು, ವೇಳೆ, ನಿಂತ ಸ್ಥಳ, ಗಾಡಿಯ ದಿಕ್ಕು, ಎಂಜಿನಿನ ಸಂಖ್ಯೆ ಇಷ್ಟನ್ನೂ ಬರೆದಿಡುತ್ತೇವೆ. ಎಂಜಿನಿನ ಮೈಮೇಲಿರುವ ಅಕ್ಷರಗಳು ಓದುವವನಿಗೆ ಬಹಳಷ್ಟು ಹೇಳುತ್ತವೆ. ಮೊದಲ ಅಕ್ಷರ ಡಬ್ಲ್ಯು ಆಗಿದ್ದರೆ ಬ್ರಾಡ್‌ಗೇಜ್, ವೈ ಆಗಿದ್ದರೆ ಮೀಟರ್‌ಗೇಜ್. ಎರಡನೆಯದು ಡಿ ಆದರೆ ಡೀಸೆಲು, ಎ ಆದರೆ ಪರ್ಯಾಯ ವಿದ್ಯುತ್ತು. ಮೂರನೆಯದು ಜಿ ಆದರೆ ಸರಕಿನದು, ಪಿ ಆದರೆ ಪ್ರಯಾಣಿಕರದು. ಅಳಿಯನ ಟಿಪ್ಪಣಿ ಪುಸ್ತಕದಲ್ಲಿ ಕಳೆದ ಪುಷ್ಯಮಾಸದ ಒಂದು ಬೆಳಗಿನ ಬರವಣಿಗೆ ಹೀಗಿದೆ: ವಿಜಯಪುರದ ಪೂರ್ವದ ಹೊಲ, ಏಳೂವರೆ ಗಂಟೆ, ಡಬ್ಲ್ಯುಎಜಿ ಎಂಜಿನು, ತುಂಬಿದ ಕಲ್ಲಿದ್ದಲು ಗಾಡಿ ಕೂಡಗಿಯ ಕಡೆಗೆ, ಹಿಂದೆ ಗುಂಬಜ, ಮಂಜು ತುಸು, ಸಾವಿರದಲ್ಲೊಂದು, ವ್ಯಾಗನು ಎಣಿಸಿದ್ದು ಐವತ್ತೆಂಟು, ಮಾಮಾ ಎಣಿಸಿದ್ದು ಐವತ್ತೇಳು.